ಊಟಕ್ಕೂ ಹಾಸಿಗೆಗೂ ನಡುವಿನ ಹೊತ್ತು

(ನಮ್ಮ ತಾಲೂಕು ಕೇಂದ್ರದ ಗ್ರಂಥಾಲಯದ ಸಭಾಂಗಣದಲ್ಲಿ ಒಂದು ಸಂಜೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಟದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ; ಸಭಿಕರ ಕೆಲವು ಪ್ರಶ್ನೆಗಳನ್ನೂ ಅವುಗಳಿಗೆ ಕೊಟ್ಟ ಉತ್ತರಗಳನ್ನೂ ಅವು ಸಲ್ಲುವ ಜಾಗದಲ್ಲಿ ಸೇರಿಸಿದ್ದೇನೆ.)

ಮಾನ್ಯರೆ,

ನಮ್ಮ ಕಡೆ ವೈದ್ಯನ ಎದುರು ಕುಳಿತವರ ಬಾಯಲ್ಲಿ ಬೇರೆ ಯಾವ ಮಾತು ಬರದಿದ್ದರೂ ‘ಗ್ಯಾಸ್ಟ್ರಿಕ್’ ಎಂಬ ಮಾತು ಬರುತ್ತದೆ. ಎದೆಯುರಿಗೂ ಅದೇ ಹೆಸರು, ಹುಳಿತೇಗಿಗೂ ಅದೇ, ಹೊಟ್ಟೆಯುಬ್ಬರಕ್ಕೂ ಅದೇ. ಹೃದಯದ ನೋವಿಗೂ ಅದೇ ಹೆಸರಿಟ್ಟುಕೊಂಡು ತಡವಾಗಿ ಆಸ್ಪತ್ರೆಗೆ ಬರುವವರಿದ್ದಾರೆ ಎಂಬುದು ಬೇರೆಯೇ ಒಂದು ಉಪನ್ಯಾಸಕ್ಕೆ ವಸ್ತು. ಹೀಗೆ ಬಂದವರನ್ನು ನಾನು ಖಾರ ಎಷ್ಟು ತಿನ್ನುತ್ತೀರಿ, ಎಣ್ಣೆ ಎಷ್ಟು ಬಳಸುತ್ತೀರಿ ಎಂದು ಕೇಳುತ್ತಿದ್ದೆ. ಎಷ್ಟೋ ವರ್ಷಗಳ ನಂತರ ಇನ್ನೊಂದು ಪ್ರಶ್ನೆಯನ್ನು ಸೇರಿಸಿಕೊಂಡೆ: ರಾತ್ರಿ ಊಟ ಎಷ್ಟು ಹೊತ್ತಿಗೆ, ಮಲಗುವುದು ಎಷ್ಟು ಹೊತ್ತಿಗೆ? ಮೊದಲನೆಯ ಪ್ರಶ್ನೆಗೆ ‘ಹತ್ತು ಗಂಟೆ’ ಎಂಬ ಉತ್ತರವೂ ಎರಡನೆಯದಕ್ಕೆ ‘ಉಂಡ ಕೂಡಲೇ’ ಎಂಬ ಉತ್ತರವೂ ಎಷ್ಟು ಸಲ ಬಂತೆಂದರೆ, ಏನು ತಿನ್ನುತ್ತೇವೆ ಎಂಬುದರಷ್ಟೇ ಯಾವಾಗ ತಿನ್ನುತ್ತೇವೆ ಎಂಬುದನ್ನೂ ಓದಿ ತಿಳಿಯಬೇಕೆಂದು ನನಗೆ ಅನ್ನಿಸಿತು. ಈ ಸಂಜೆಯ ಮಾತು ಆ ಓದಿನಿಂದ ಬಂದದ್ದು.

ಹೊಟ್ಟೆಯಿಂದಲೇ ಆರಂಭಿಸೋಣ. ಅನ್ನನಾಳ ಜಠರವನ್ನು ಸೇರುವ ಜಾಗದಲ್ಲಿ ಸ್ನಾಯುವಿನ ಒಂದು ಬಿಗಿಯುಂಗುರವಿದೆ. ಆಹಾರವನ್ನು ಕೆಳಕ್ಕೆ ಬಿಡುವುದು, ಆಮ್ಲವನ್ನು ಮೇಲಕ್ಕೆ ಬಿಡದಿರುವುದು ಅದರ ಕೆಲಸ. ಹೊಟ್ಟೆ ತುಂಬಿದಾಗ ಈ ಉಂಗುರ ಆಗಾಗ ಸಡಿಲಗೊಳ್ಳುತ್ತದೆ. ನಾವು ನೆಟ್ಟಗೆ ಕುಳಿತಿದ್ದರೆ, ಇಲ್ಲವೇ ನಡೆದಾಡುತ್ತಿದ್ದರೆ, ಭೂಮಿಯ ಸೆಳೆತವೇ ಆಮ್ಲವನ್ನು ಕೆಳಗಿಡುತ್ತದೆ. ಮೇಲೆ ಬಂದ ಅಲ್ಪಸ್ವಲ್ಪವನ್ನು ನುಂಗಿದ ಎಂಜಲು ತೊಳೆದುಬಿಡುತ್ತದೆ. ಮಲಗಿದ ಮೇಲೆ ಈ ಎರಡು ಅನುಕೂಲಗಳೂ ಇಲ್ಲವಾಗುತ್ತವೆ, ಏಕೆಂದರೆ ದೇಹ ಅಡ್ಡವಾಗಿರುತ್ತದೆ ಮತ್ತು ನಿದ್ದೆಯಲ್ಲಿ ಎಂಜಲು ಊರುವುದೂ ನುಂಗುವುದೂ ಬಹಳ ಕಡಿಮೆ. ಅನ್ನ, ಸಾರು, ಪಲ್ಯ ಸೇರಿದ ಸಾಧಾರಣ ಊಟ ಜಠರದಿಂದ ಮುಂದಕ್ಕೆ ಸಾಗಲು ಎರಡರಿಂದ ನಾಲ್ಕು ಗಂಟೆ ಬೇಕು. ಎಣ್ಣೆ ಹೆಚ್ಚಿದ್ದರೆ ಇನ್ನೂ ಹೆಚ್ಚು, ಅದೇ ಊಟವನ್ನು ರಾತ್ರಿ ಮಾಡಿದರೆ ಬೆಳಗಿನದಕ್ಕಿಂತ ನಿಧಾನ. ಜಪಾನಿನ ವೈದ್ಯರು 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಎದೆಯುರಿಯ ಕಾಯಿಲೆ ಇದ್ದವರನ್ನೂ ಇಲ್ಲದವರನ್ನೂ ಹೋಲಿಸಿದಾಗ, ಉಂಡು ನಾಲ್ಕು ಗಂಟೆ ಕಳೆದ ಮೇಲೆ ಮಲಗುವವರಿಗಿಂತ ಮೂರು ಗಂಟೆಯೊಳಗೆ ಮಲಗುವವರಲ್ಲಿ ಈ ಕಾಯಿಲೆ ಇರುವ ಸಂಭವ ಏಳು ಪಟ್ಟಿಗೂ ಹೆಚ್ಚೆಂದು ಕಂಡುಬಂತು. ಅಧ್ಯಯನ ಚಿಕ್ಕದು, ಆದ್ದರಿಂದ ಏಳು ಎಂಬ ಅಂಕಿಗೆ ನಾನು ಅಂಟಿಕೊಳ್ಳುವುದಿಲ್ಲ. ಆದರೆ ಅದು ತೋರಿಸುವ ದಿಕ್ಕು ನನ್ನ ರೋಗಿಗಳ ಅನುಭವಕ್ಕೆ ಚೆನ್ನಾಗಿ ಹೊಂದುತ್ತದೆ.

ಇಷ್ಟು ಹೇಳುವಾಗಲೇ ಮುಂದಿನ ಸಾಲಿನ ಹಿರಿಯರೊಬ್ಬರು, ಎರಡು ದಿಂಬು ಹಾಕಿಕೊಂಡು ಮಲಗಿದರೆ ಸಾಲದೇ ಎಂದು ಕೇಳಿದರು. ಸಾಲದು. ದಿಂಬು ಕುತ್ತಿಗೆಯನ್ನಷ್ಟೇ ಎತ್ತಿ ಹೊಟ್ಟೆಯನ್ನು ಮಡಿಸುತ್ತದೆ, ಅದರಿಂದ ಒತ್ತಡ ಹೆಚ್ಚಬಹುದು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆಯಿಟ್ಟು ಅರ್ಧ ಅಡಿಯಷ್ಟು ಎತ್ತರಿಸುವುದು, ಎಡ ಮಗ್ಗುಲಾಗಿ ಮಲಗುವುದು, ಇವೆರಡೂ ಪ್ರಯೋಜನಕಾರಿ. ಎಡ ಮಗ್ಗುಲಾದಾಗ ಅನ್ನನಾಳದ ಬಾಯಿ ಜಠರದಲ್ಲಿ ನಿಂತ ಆಮ್ಲಕ್ಕಿಂತ ಮೇಲಿರುತ್ತದೆ. ಆದರೆ ಇವೆಲ್ಲ ತಡವಾಗಿ ಉಂಡ ಮೇಲಿನ ರಿಪೇರಿ ಕೆಲಸ.

ಹೊಟ್ಟೆಯ ವಿಚಾರ ಇಷ್ಟು ಸರಳ. ಇನ್ನು ಮುಂದಿನದು ಕಣ್ಣಿಗೆ ಕಾಣದ್ದು, ನನ್ನ ಮಟ್ಟಿಗೆ ಹೆಚ್ಚು ಕುತೂಹಲದ್ದು.

ನಮ್ಮ ದೇಹದಲ್ಲಿ ಸುಮಾರು 24 ಗಂಟೆಯ ಲಯದಲ್ಲಿ ನಡೆಯುವ ಗಡಿಯಾರವೊಂದಿದೆ ಎಂಬುದನ್ನು ನೀವು ಕೇಳಿರಬಹುದು. ಹಣ್ಣಿನ ನೊಣಗಳಲ್ಲಿ ಈ ಗಡಿಯಾರ ಜೀವಕೋಶದ ಒಳಗೆ ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಬಂತು. ಇದು ನಮಗೆ ದೂರದ ಸಂಗತಿಯಲ್ಲ. ಮಧುರೈ ಸುತ್ತಲಿನ ಗುಹೆಯ ಬಾವಲಿಗಳ ದಿನಚರಿಯನ್ನು ಅಭ್ಯಾಸ ಮಾಡಿದ, ಹೊರಗಿನ ಬೆಳಕೂ ಗಡಿಯಾರವೂ ಇಲ್ಲದ ಕೋಣೆಯಲ್ಲಿ ಮನುಷ್ಯರನ್ನು ಇರಿಸಿ ಅವರ ನಿದ್ದೆ-ಎಚ್ಚರಗಳನ್ನು ದಾಖಲಿಸಿದ ಎಂ. ಕೆ. ಚಂದ್ರಶೇಖರನ್ ಅವರು ಆಮೇಲೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. ಅಲ್ಲಿ ಹಣ್ಣಿನ ನೊಣಗಳ ಜೈವಿಕ ಗಡಿಯಾರದ ಮೇಲೆ ಇಂದಿಗೂ ಕೆಲಸ ನಡೆದಿದೆ.

ನಾವು ಗಮನಿಸಬೇಕಾದ್ದು ಏನೆಂದರೆ, ಈ ಗಡಿಯಾರ ಒಂದೇ ಅಲ್ಲ. ಮಿದುಳಿನಲ್ಲಿ, ಎರಡು ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಸುಮಾರು 20,000 ನರಕೋಶಗಳ ಪುಟ್ಟ ಗುಂಪಿದೆ. ಅದು ಯಜಮಾನ ಗಡಿಯಾರ, ಅದನ್ನು ಸರಿಪಡಿಸುವುದು ಬೆಳಕು. ಆದರೆ ಪಿತ್ತಜನಕಾಂಗ, ಮೇದೋಜೀರಕ ಗ್ರಂಥಿ, ಕರುಳು, ಕೊಬ್ಬಿನ ಅಂಗಾಂಶ, ಇವುಗಳಲ್ಲಿಯೂ ತಮ್ಮದೇ ಗಡಿಯಾರಗಳಿವೆ, ಇವು ಬೆಳಕನ್ನು ನೇರವಾಗಿ ಕಾಣವು. ಊಟ ಬಂದ ಹೊತ್ತನ್ನು ನೋಡಿ ತಮ್ಮ ಮುಳ್ಳನ್ನು ತಿರುಗಿಸಿಕೊಳ್ಳುತ್ತವೆ. ಇಂಗ್ಲೆಂಡಿನಲ್ಲಿ ಹತ್ತು ಮಂದಿ ಆರೋಗ್ಯವಂತ ಯುವಕರ ಮೂರು ಹೊತ್ತಿನ ಊಟವನ್ನೂ ಐದು ಗಂಟೆ ಮುಂದೂಡಿ ನೋಡಿದ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. ಆರು ದಿನಗಳಲ್ಲಿ ಅವರ ರಕ್ತದ ಸಕ್ಕರೆಯ ದೈನಂದಿನ ಏರಿಳಿತ ಐದೂವರೆ ಗಂಟೆಗೂ ಹೆಚ್ಚು ಹಿಂದೆ ಬಿತ್ತು. ಕೊಬ್ಬಿನ ಅಂಗಾಂಶದ ಗಡಿಯಾರ ಒಂದು ಗಂಟೆಯಷ್ಟು ಹಿಂದೆ ಬಿತ್ತು. ಮಿದುಳಿನ ಗಡಿಯಾರದ ಗುರುತಾದ ಮೆಲಟೋನಿನ್ ಮಾತ್ರ ತನ್ನ ಜಾಗ ಬಿಟ್ಟು ಕದಲಲಿಲ್ಲ. ಒಂದೇ ಮನೆಯಲ್ಲಿ ಅಜ್ಜ ಎಂಟಕ್ಕೆ ದೀಪ ಆರಿಸಿ ಮಲಗುವಾಗ ಮೊಮ್ಮಗ ಎಂಟಕ್ಕೆ ದಿನ ಶುರು ಮಾಡಿದರೆ ಮನೆ ಹೇಗಿರುತ್ತದೋ, ತಡ ಊಟದವರ ಒಳಗೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ.

ಈ ಮೆಲಟೋನಿನ್ ಎಂಬ ಹಾರ್ಮೋನು ನಾವು ಮಲಗುವ ಅಭ್ಯಾಸವಿರುವ ಹೊತ್ತಿಗೆ ಸುಮಾರು ಎರಡು ಗಂಟೆ ಮೊದಲು ರಕ್ತದಲ್ಲಿ ಏರತೊಡಗುತ್ತದೆ. ‘ರಾತ್ರಿಯಾಯಿತು’ ಎಂದು ಇಡೀ ದೇಹಕ್ಕೆ ಡಂಗುರ ಸಾರುವ ಕೆಲಸ ಅದರದು. ಆ ಡಂಗುರವನ್ನು ಕೇಳಿಸಿಕೊಳ್ಳುವವರಲ್ಲಿ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಕೋಶಗಳೂ ಸೇರಿವೆ. ಕೇಳಿಸಿಕೊಂಡು ಅವು ಕೆಲಸ ನಿಧಾನ ಮಾಡುತ್ತವೆ. ರಾತ್ರಿ ಯಾರೂ ಉಣ್ಣದಿದ್ದರೆ ಇದು ಜಾಣತನದ ಏರ್ಪಾಡು. ಆದರೆ ಅಂಗಡಿಯ ಬಾಗಿಲನ್ನು ಅರ್ಧ ಎಳೆದ ಮೇಲೆ ತಟ್ಟೆ ತುಂಬ ಅನ್ನ ಬಂದು ಇಳಿದರೆ ಏನಾಗುತ್ತದೆ? ಸ್ಪೇನಿನಲ್ಲಿ ರಾತ್ರಿಯೂಟ ಒಂಬತ್ತು-ಹತ್ತಕ್ಕೆ ಮಾಡುವುದು ರೂಢಿಯಾದ್ದರಿಂದ ಈ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ ಅದು ಸರಿಯಾದ ದೇಶ. ಅಲ್ಲಿ 845 ವಯಸ್ಕರಿಗೆ, ಒಂದು ಸಂಜೆ ಅವರು ಮಲಗುವ ಹೊತ್ತಿಗೆ ನಾಲ್ಕು ಗಂಟೆ ಮೊದಲು, ಇನ್ನೊಂದು ಸಂಜೆ ಒಂದೇ ಗಂಟೆ ಮೊದಲು, ಒಂದೇ ಪ್ರಮಾಣದ ಗ್ಲೂಕೋಸ್ ನೀರು ಕುಡಿಸಿ ರಕ್ತ ಪರೀಕ್ಷೆ ಮಾಡಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ತಡವಾಗಿ ಕುಡಿದ ದಿನ ರಕ್ತದಲ್ಲಿ ಮೆಲಟೋನಿನ್ ಮೂರೂವರೆ ಪಟ್ಟು ಹೆಚ್ಚಿತ್ತು, ಇನ್ಸುಲಿನ್ ಶೇ. 6.7 ಕಡಿಮೆಯಿತ್ತು, ಸಕ್ಕರೆ ಶೇ. 8.3 ಹೆಚ್ಚಿತ್ತು. ಮೆಲಟೋನಿನ್ ಸಂದೇಶವನ್ನು ಸ್ವೀಕರಿಸುವ ಜೀನಿನಲ್ಲಿ ಸಕ್ಕರೆ ಕಾಯಿಲೆಗೆ ಒಲಿದ ಒಂದು ರೂಪಾಂತರವಿದೆ. ಅದನ್ನು ಹೊತ್ತವರಲ್ಲಿ ಇನ್ಸುಲಿನ್ನಿನ ಕೊರತೆ ಇನ್ನಷ್ಟು ಎದ್ದು ಕಂಡಿತು.

ಶೇ. 8 ಎಂದರೆ ಅಷ್ಟೇನೂ ಅಲ್ಲ ಎಂದು ನಿಮಗೆ ತೋರಬಹುದು. ಒಂದು ರಾತ್ರಿಯ ಮಟ್ಟಿಗೆ ನಿಜವಾಗಿಯೂ ಅಷ್ಟೇನೂ ಅಲ್ಲ. ಮದುವೆ ಮನೆಯಲ್ಲಿ ಹತ್ತೂವರೆಯ ಪಂಕ್ತಿಯಲ್ಲಿ ಕುಳಿತು ಹೋಳಿಗೆ ತಿಂದದ್ದಕ್ಕೆ ಯಾರೂ ಪಶ್ಚಾತ್ತಾಪ ಪಡಬೇಕಾಗಿಲ್ಲ. ನನ್ನ ಚಿಂತೆ ವರ್ಷಕ್ಕೆ ಮುನ್ನೂರು ರಾತ್ರಿ ಹಾಗೆ ಉಣ್ಣುವವರದು. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಹೊಸ್ತಿಲಲ್ಲಿ ನಿಂತವರಿಗೆ ಚಿಕ್ಕ ತಳ್ಳುವಿಕೆಯೂ ಲೆಕ್ಕಕ್ಕೆ ಬರುತ್ತದೆ.

ಈಗ ನಿದ್ದೆಯ ವಿಚಾರ. ಇಲ್ಲಿ ನಾನು ನನ್ನದೇ ಹಳೆಯ ಮಾತನ್ನು ತಿದ್ದಿಕೊಳ್ಳಬೇಕಾಗಿದೆ. ತಡವಾಗಿ ಉಂಡರೆ ಎಲ್ಲರಿಗೂ ನಿದ್ದೆ ಕೆಡುತ್ತದೆ ಎಂದು ಬಹಳ ಕಾಲ ಹೇಳುತ್ತಿದ್ದೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗವೊಂದು ನನ್ನನ್ನು ತಡೆದು ನಿಲ್ಲಿಸಿತು. ಇಪ್ಪತ್ತು ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ ಒಂದು ದಿನ ಸಂಜೆ ಆರಕ್ಕೆ, ಇನ್ನೊಂದು ದಿನ ರಾತ್ರಿ ಹತ್ತಕ್ಕೆ ಅದೇ ಊಟ ಕೊಟ್ಟು, ಎರಡೂ ದಿನ ಹನ್ನೊಂದಕ್ಕೆ ಮಲಗಿಸಿ, ರಾತ್ರಿಯಿಡೀ ಅವರ ನಿದ್ದೆಯನ್ನೂ ರಕ್ತವನ್ನೂ ಪರೀಕ್ಷಿಸಿದರು. ತಡವಾಗಿ ಉಂಡ ರಾತ್ರಿ ಸಕ್ಕರೆಯ ಶಿಖರ ಸುಮಾರು ಶೇ. 18ರಷ್ಟು ಎತ್ತರಕ್ಕೆ ಹೋಯಿತು, ಉಂಡ ಕೊಬ್ಬು ಉರಿದು ಖರ್ಚಾಗುವುದು ಸುಮಾರು ಶೇ. 10ರಷ್ಟು ಕುಗ್ಗಿತು, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರಿತು. ಆದರೆ ನಿದ್ದೆಯ ಹಂತಗಳು ಇದ್ದಂತೆಯೇ ಇದ್ದವು. ಅಂದರೆ ಆ ಆರೋಗ್ಯವಂತರು ಚೆನ್ನಾಗಿಯೇ ಮಲಗಿದ್ದರು, ಮತ್ತು ಆ ಒಳ್ಳೆಯ ನಿದ್ದೆಯ ಅಡಿಯಲ್ಲಿಯೇ ಸಕ್ಕರೆ ಏರಿ ಕುಳಿತಿತ್ತು. ‘ನನಗೆ ಹನ್ನೊಂದಕ್ಕೆ ಉಂಡರೂ ಹಾಯಾಗಿ ನಿದ್ದೆ ಬರುತ್ತದೆ, ನನಗೇನೂ ಆಗುವುದಿಲ್ಲ’ ಎನ್ನುವ ನನ್ನ ಅನೇಕ ರೋಗಿಗಳಿಗೆ ಇದು ನಾನು ಹೇಳಬೇಕಾದ ಉತ್ತರ: ನಿದ್ದೆ ಬಂದದ್ದು ಸಾಕ್ಷಿಯಲ್ಲ. ನಿದ್ದೆ ನಿಜಕ್ಕೂ ಕೆಡುವುದು ಎದೆಯುರಿ ಇರುವವರಿಗೆ, ಬಹಳ ನೀರು ಮಜ್ಜಿಗೆ ಕುಡಿದು ರಾತ್ರಿ ಎರಡು ಸಲ ಏಳುವ ಹಿರಿಯರಿಗೆ, ಊಟದ ಜೊತೆ ಮದ್ಯ ಸೇವಿಸಿ ಬೇಗ ನಿದ್ದೆ ಹೋಗಿ ನಡುರಾತ್ರಿಯ ನಂತರ ಹೊರಳಾಡುವವರಿಗೆ.

ಇದೇ ಪ್ರಯೋಗದಲ್ಲಿ ನನಗೆ ಬಹಳ ಮುಖ್ಯವೆನಿಸಿದ ಇನ್ನೊಂದು ಸಾಲಿದೆ. ತಡ ಊಟದ ಹೊಡೆತ ಹೆಚ್ಚು ಬಿದ್ದದ್ದು ಬೇಗ ಮಲಗುವ ಅಭ್ಯಾಸವಿದ್ದವರ ಮೇಲೆ. ರಾತ್ರಿ ಎರಡರವರೆಗೆ ಎಚ್ಚರವಿರುವ ಹುಡುಗನಿಗೆ ಹತ್ತು ಗಂಟೆಯೆಂದರೆ ಇನ್ನೂ ಸಂಜೆ. ನಾಲ್ಕೂವರೆಗೆ ಎದ್ದು ಹಸುವಿನ ಕೆಲಸ ನೋಡುವವರಿಗೆ ಅದೇ ಹತ್ತು ಗಂಟೆ ನಡುರಾತ್ರಿ. ಹಾಗಾಗಿ ‘ಏಳು ಗಂಟೆಯೊಳಗೆ ಉಣ್ಣಿ’ ಎಂಬ ಒಂದೇ ಅಳತೆಯ ಅಂಗಿಯನ್ನು ಎಲ್ಲರಿಗೂ ತೊಡಿಸಲು ನಾನು ಒಪ್ಪುವುದಿಲ್ಲ. ಗೋಡೆಯ ಗಡಿಯಾರ ಎಷ್ಟು ತೋರಿಸುತ್ತದೆ ಎಂಬುದಕ್ಕಿಂತ, ನಿಮ್ಮ ಊಟಕ್ಕೂ ನಿಮ್ಮ ಹಾಸಿಗೆಗೂ ನಡುವೆ ಎಷ್ಟು ಹೊತ್ತು ಇದೆ ಎಂಬುದು ಮುಖ್ಯ. ಮೂರು ಗಂಟೆ ಇದ್ದರೆ ಒಳ್ಳೆಯದು, ಎರಡಾದರೂ ಇರಲಿ.

ತೂಕ ಇಳಿಯುತ್ತದೆಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಬಾಸ್ಟನ್ನಿನಲ್ಲಿ ಫ್ರಾಂಕ್ ಶೇರ್ ಅವರ ತಂಡ ಹದಿನಾರು ಮಂದಿ ಅಧಿಕ ತೂಕದವರ ಊಟವನ್ನು ನಾಲ್ಕು ಗಂಟೆ ಮುಂದೂಡಿ ನೋಡಿದಾಗ ಹಸಿವು ಹೆಚ್ಚಿತು, ಹೊಟ್ಟೆ ತುಂಬಿತೆಂದು ಹೇಳುವ ಲೆಪ್ಟಿನ್ ಹಾರ್ಮೋನು ಇಳಿಯಿತು, ದೇಹ ಖರ್ಚು ಮಾಡುವ ಶಕ್ತಿಯೂ ತಗ್ಗಿತು. ಆದರೆ ಚೀನಾದಲ್ಲಿ ಬೊಜ್ಜಿನ 139 ಮಂದಿಗೆ ಸಮನಾಗಿ ಆಹಾರ ಕಡಿಮೆ ಮಾಡಿಸಿ, ಅರ್ಧದಷ್ಟು ಮಂದಿಗೆ ಮಾತ್ರ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಉಣ್ಣುವ ಕಟ್ಟಳೆ ಹಾಕಿದಾಗ, ಒಂದು ವರ್ಷದ ಕೊನೆಗೆ ಎರಡು ಗುಂಪಿನ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೊತ್ತು ಬದಲಿಸಿದ ಮಾತ್ರಕ್ಕೆ ಹತ್ತು ಕಿಲೋ ಇಳಿಸುತ್ತೇವೆಂದು ಮೊಬೈಲಿನಲ್ಲಿ ಬರುವ ವಿಡಿಯೊಗಳನ್ನು ಈ ಎರಡನೆಯ ಅಧ್ಯಯನದ ಪಕ್ಕದಲ್ಲಿಟ್ಟು ನೋಡಿ.

ನಮ್ಮ ನಾಡಿನಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜನ ಶತಮಾನಗಳಿಂದ ಇದ್ದಾರೆ. ಶ್ರವಣಬೆಳಗೊಳದಲ್ಲಾಗಲಿ ಮೂಡುಬಿದಿರೆಯಲ್ಲಾಗಲಿ ಬೆಳಗಾವಿಯ ಕಡೆಯಲ್ಲಾಗಲಿ, ಸಂಪ್ರದಾಯಸ್ಥ ಜೈನ ಮನೆಗಳಲ್ಲಿ ರಾತ್ರಿ ಭೋಜನ ನಿಷಿದ್ಧ. ಅದರ ಮೂಲ ಅಹಿಂಸೆ: ಮಬ್ಬುಗತ್ತಲಲ್ಲಿ ಕಾಣದೆ ಬೀಳುವ ಹುಳುಹುಪ್ಪಟೆಗಳ ಜೀವಹಾನಿಯಾಗಬಾರದೆಂಬ ಕಾಳಜಿ. ಇದನ್ನು ಹಿಡಿದುಕೊಂಡು ‘ನಮ್ಮ ಪೂರ್ವಿಕರಿಗೆ ಇನ್ಸುಲಿನ್ ವಿಚಾರ ಗೊತ್ತಿತ್ತು’ ಎನ್ನುವುದು ಆ ವ್ರತಕ್ಕೂ ವಿಜ್ಞಾನಕ್ಕೂ ಮಾಡುವ ಅನ್ಯಾಯ. ಉಳಿದವರ ಮನೆಗಳಲ್ಲಿಯೂ ದೀಪದೆಣ್ಣೆಯ ಕಾಲದಲ್ಲಿ ಊಟ ಬೇಗ ಮುಗಿಯುತ್ತಿದ್ದುದಕ್ಕೆ ಎಣ್ಣೆಯ ಬೆಲೆ ಒಂದು ಕಾರಣ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು; ಹಳ್ಳಿಗಳಿಗೆ ಬರಲು ಇನ್ನೆಷ್ಟೋ ದಶಕ ಬೇಕಾಯಿತು. ಬಲ್ಬು ಬಂದ ಮೇಲೆ ಸಂಜೆ ಉದ್ದವಾಯಿತು, ಬೆಳಗಿನ ಹೊತ್ತು ಮಾತ್ರ ಇದ್ದಲ್ಲಿಯೇ ಉಳಿಯಿತು.

ಈ ಉದ್ದವಾದ ಸಂಜೆಯಲ್ಲಿ ಏನೇನು ತುಂಬಿದೆ ನೋಡಿ. ಐದೂವರೆಗೆ ಡೇರಿಗೆ ಹಾಲು ಹಾಕಬೇಕು. ಮಕ್ಕಳು ಟ್ಯೂಷನ್ ಮುಗಿಸಿ ಬರುವುದು ಎಂಟಕ್ಕೆ. ಪೇಟೆಯ ಅಂಗಡಿಯವರು ಬಾಗಿಲು ಹಾಕುವುದು ಒಂಬತ್ತಕ್ಕೆ. ಬೆಂಗಳೂರಿನಲ್ಲಿ ಕೆಲಸ ಮಾಡುವವರು ಟ್ರಾಫಿಕ್ಕಿನಿಂದ ಬಿಡಿಸಿಕೊಂಡು ಮನೆ ಸೇರುವುದೇ ಒಂಬತ್ತೂವರೆಗೆ. ಟಿ.ವಿ.ಯ ಧಾರಾವಾಹಿಗಳು ಏಳರಿಂದ ಹತ್ತರವರೆಗೆ ಸಾಲುಗಟ್ಟಿವೆ. ಹೀಗಿರುವಾಗ ಮೂರು ಗಂಟೆಯ ಅಂತರ ಎನ್ನುವ ಸಲಹೆ ಕೇಳಲು ಚೆಂದ, ಅನ್ನ ಬೇಯುವುದಾದರೂ ಯಾವಾಗ? ಸಭೆಯ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತು, “ಡಾಕ್ಟ್ರೇ, ನಾನು ಏಳಕ್ಕೆ ಉಂಡರೆ ಹತ್ತಕ್ಕೆ ಬರೋರಿಗೆ ಬಡಿಸೋರು ಯಾರು?” ಎಂದು ಕೇಳಿದರು. ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ನಾನು ನೋಡಿದ ಮನೆಗಳಲ್ಲಿ ಎಲ್ಲರಿಗಿಂತ ತಡವಾಗಿ ಉಣ್ಣುವವಳೂ, ಪಾತ್ರೆ ತೊಳೆದು ಕೂಡಲೇ ಮಲಗುವವಳೂ, ಎಲ್ಲರಿಗಿಂತ ಮೊದಲು ಏಳುವವಳೂ ಒಬ್ಬಳೇ. ಈಗ ಹೇಳಿದ ಪ್ರಯೋಗದ ಪ್ರಕಾರ ಬೇಗ ಏಳುವ, ಬೇಗ ಮಲಗಬೇಕಾದ ಆಕೆಗೇ ತಡ ಊಟದ ಪೆಟ್ಟು ಹೆಚ್ಚು. ಅನ್ನ ಸಾರನ್ನು ಹಾಟ್‌ಬಾಕ್ಸಿನಲ್ಲಿಟ್ಟು, ತಡವಾಗಿ ಬಂದವರು ತಾವೇ ಬಡಿಸಿಕೊಂಡು ತಮ್ಮ ತಟ್ಟೆ ತಾವೇ ತೊಳೆಯುವುದು ವೈದ್ಯಶಾಸ್ತ್ರದ ಸಲಹೆಯಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಬೇಗ ಉಣ್ಣಲಾಗದವರು ಊಟವನ್ನು ಒಡೆಯಬಹುದು. ಸಂಜೆ ಆರರ ಹೊತ್ತಿಗೆ ಬೋಂಡ, ಬಜ್ಜಿ, ಖಾರ ಮಂಡಕ್ಕಿಯಿಂದ ಹೊಟ್ಟೆ ತುಂಬಿಸಿಕೊಂಡು ಹತ್ತಕ್ಕೆ ಪೂರ್ತಿ ಊಟ ಮಾಡುವುದು ನಮ್ಮ ರೂಢಿ. ಅದನ್ನು ತಿರುಗಿಸಿ, ಆರೂವರೆಗೆ ಊಟದ ದೊಡ್ಡ ಪಾಲನ್ನು, ಚಪಾತಿಯೋ ಮುದ್ದೆಯೋ ಸೊಪ್ಪಿನ ಸಾರಿನ ಜೊತೆ ಮುಗಿಸಿ, ರಾತ್ರಿ ಮನೆಯವರ ಜೊತೆ ಕುಳಿತಾಗ ಒಂದು ಬಟ್ಟಲು ಮಜ್ಜಿಗೆಯನ್ನವನ್ನೋ ಹಣ್ಣನ್ನೋ ತೆಗೆದುಕೊಂಡರೆ, ಜೊತೆಗೆ ಕೂತ ಸುಖವೂ ಉಳಿಯುತ್ತದೆ. ಹಸಿದ ಹೊಟ್ಟೆಯಲ್ಲಿ ಮಲಗುವುದು ನನ್ನ ಸಲಹೆಯಲ್ಲ; ಹಸಿವೂ ನಿದ್ದೆಯನ್ನು ಕೆಡಿಸುತ್ತದೆ. ಇನ್ನು ಕಾಫಿ. ಮಲಗುವುದಕ್ಕೆ ಆರು ಗಂಟೆ ಮೊದಲು ಕುಡಿದ ಹೆಚ್ಚಿನ ಪ್ರಮಾಣದ ಕೆಫೀನು ನಿದ್ದೆಯನ್ನು ಒಂದು ಗಂಟೆಗೂ ಹೆಚ್ಚು ಮೊಟಕು ಮಾಡಿದ್ದು ಪ್ರಯೋಗದಲ್ಲಿ ಕಂಡಿದೆ. ಉಪನ್ಯಾಸಕ್ಕೆ ಮುಂಚೆ ಸಂಘಟಕರು ಬೋಂಡ ಮತ್ತು ಸ್ಟ್ರಾಂಗ್ ಫಿಲ್ಟರ್ ಕಾಫಿ ಕೊಟ್ಟರು, ನಾನು ಎರಡನ್ನೂ ಬೇಡವೆನ್ನಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ರಾತ್ರಿ ಪಾಳಿಯವರ ಸಂಗತಿ ಬೇರೆ. ಆಸ್ಪತ್ರೆಯ ನರ್ಸ್, ಕಾರ್ಖಾನೆಯ ಕೆಲಸಗಾರ, ಅಮೆರಿಕದ ಗಿರಾಕಿಗಳ ಕರೆಗೆ ಉತ್ತರಿಸುವ ಯುವತಿ, ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ತೋಟಕ್ಕೆ ನೀರು ಹಾಯಿಸುವ ರೈತ, ಇವರಿಗೆ ಮಲಗುವ ಹೊತ್ತೇ ತಿರುಗುಮುರುಗು. 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹತ್ತೊಂಬತ್ತು ಮಂದಿಯನ್ನು ರಾತ್ರಿ ಪಾಳಿಯ ದಿನಚರಿಯಲ್ಲಿ ಇರಿಸಿ, ಕೆಲವರಿಗೆ ರಾತ್ರಿಯೂ ಊಟ ಕೊಟ್ಟರು, ಉಳಿದವರಿಗೆ ಹಗಲಿನಲ್ಲಿ ಮಾತ್ರ. ರಾತ್ರಿ ಉಂಡವರ ಸಕ್ಕರೆ ಸರಾಸರಿ ಶೇ. 6.4ರಷ್ಟು ಏರಿತು, ಹಗಲು ಮಾತ್ರ ಉಂಡವರದು ಏರಲಿಲ್ಲ. ಪಾಳಿಗೆ ಹೊರಡುವ ಮೊದಲೇ ಹೊಟ್ಟೆ ತುಂಬ ಉಂಡು, ನಡುರಾತ್ರಿ ಕ್ಯಾಂಟೀನಿನ ಬಿರಿಯಾನಿಯನ್ನು ಬಿಟ್ಟು ತೀರ ಹಗುರವಾದದ್ದನ್ನು ತೆಗೆದುಕೊಂಡು, ಬೆಳಿಗ್ಗೆ ಮನೆಗೆ ಬಂದು ತಿಂಡಿ ತಿನ್ನುವುದು ಇದ್ದುದರಲ್ಲಿ ಒಳ್ಳೆಯ ದಾರಿ.

ಕೊನೆಯದಾಗಿ ಒಂದು ಎಚ್ಚರಿಕೆ, ಇದನ್ನು ಸಭೆಯಲ್ಲಿ ಎರಡು ಸಲ ಹೇಳಿದೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಶುಗರ್ ಮಾತ್ರೆಗಳಲ್ಲಿ ಇನ್ಸುಲಿನ್ನನ್ನು ಹೆಚ್ಚಿಸುವ ಬಗೆಯವನ್ನು ನುಂಗುವವರು, ಈ ಬರಹ ಓದಿದ ರಾತ್ರಿಯೇ ಊಟವನ್ನು ಬೇಗ ಮಾಡಿಕೊಳ್ಳಬಾರದು, ಕಡಿಮೆಯನ್ನೂ ಮಾಡಬಾರದು. ಔಷಧಿ ಹಳೆಯ ಹೊತ್ತಿಗೂ ಊಟ ಹೊಸ ಹೊತ್ತಿಗೂ ಆದರೆ ರಾತ್ರಿ ಎರಡು-ಮೂರರ ಸುಮಾರಿಗೆ ಸಕ್ಕರೆ ತೀರ ಇಳಿದು, ಬೆವರಿ, ನಡುಗಿ, ಕೆಲವೊಮ್ಮೆ ಎಚ್ಚರವೇ ಆಗದೆ ಪ್ರಾಣಾಪಾಯವಾಗಬಹುದು. ಮೊದಲು ನಿಮ್ಮ ವೈದ್ಯರಿಗೆ ತೋರಿಸಿ, ಔಷಧಿಯ ಹೊತ್ತನ್ನೂ ಪ್ರಮಾಣವನ್ನೂ ಅವರಿಂದ ಬದಲಿಸಿಕೊಳ್ಳಿ. ಆಮೇಲೆ ವಾರಕ್ಕೆ ಕಾಲು ಗಂಟೆಯಂತೆ ಊಟವನ್ನು ಬೇಗ ಮಾಡಿಕೊಳ್ಳುತ್ತ ಬನ್ನಿ, ಮೊದಲ ಕೆಲವು ದಿನ ಮಲಗುವ ಮುನ್ನ ಒಮ್ಮೆ ಗ್ಲೂಕೋಮೀಟರಿನಲ್ಲಿ ನೋಡಿಕೊಳ್ಳಿ, ದಿಂಬಿನ ಪಕ್ಕದಲ್ಲಿ ಒಂದಷ್ಟು ಸಕ್ಕರೆ ಇರಲಿ.